ಅತ್ತಿಗೆಯ ಪಿಂಗಾಣಿ ಕೈಗಳು

ನಮ್ಮ ಅತ್ತಿಗೆಗೆ ಹೆದರಿಕೆ ಎಂಬುದು ಹಸಿವು ನಿದ್ದೆಯ ಹಾಗೆ, ದಿನವೂ ಬೇಕು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಮನೆಗೆ ಓಡಿ ಬರುತ್ತಾಳೆ. ಆರಿಸಿದ್ದನ್ನು ಕಣ್ಣಾರೆ ನೋಡಿಕೊಂಡು ಮತ್ತೆ ಬಸ್ ಸ್ಟಾಪಿಗೆ ಬಂದ ಮೇಲೆ ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಚಿಂತೆ ಶುರು. ಲೋಟ ಬಿದ್ದರೆ ‘ಅಯ್ಯಯ್ಯೋ’. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ ‘ಅಯ್ಯಯ್ಯೋ’. ಬರದೇ ಇದ್ದರೆ ‘ಅಯ್ಯಯ್ಯೋ, ಯಾಕೆ ಇನ್ನೂ ಫೋನೇ ಬಂದಿಲ್ಲ?’ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಅಯ್ಯಯ್ಯೋ ಮೇಡಂ ಎಂದೇ ಕರೆಯುವುದು. ಆ ಹೆಸರಿಟ್ಟ ಪುಣ್ಯಾತ್ಗಿತ್ತಿ ನಾನೇ.

ನಾನು ಅವಳ ಗಂಡನ ತಂಗಿ. ವಯಸ್ಸಿನಲ್ಲಿ ಅವಳು ನನಗಿಂತ ಚಿಕ್ಕವಳು, ಸಂಬಂಧದಲ್ಲಿ ದೊಡ್ಡವಳು. ಹಾಗಾಗಿ ನಮ್ಮಿಬ್ಬರಲ್ಲಿ ಯಾರು ಯಾರ ಮಾತು ಕೇಳಬೇಕು ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ಒಂದೇ ಮನೆಯಲ್ಲಿದ್ದೇವೆ, ಒಂದೇ ಕಾರ್ಖಾನೆಗೆ ಹೋಗುತ್ತೇವೆ. ನಮ್ಮದು ರಬ್ಬರ್ ಕೈಗವಸಿನ ಕಾರ್ಖಾನೆ. ಪಾತ್ರೆ ತೊಳೆಯುವವರು ಹಾಕಿಕೊಳ್ಳುವಂಥದ್ದಲ್ಲ. ಕರೆಂಟು ಹರಿಯುತ್ತಿರುವ ತಂತಿಯನ್ನು ಹಾಗೆಯೇ ಮುಟ್ಟಿ ಕೆಲಸ ಮಾಡುವ ಲೈನ್‌ಮನ್‌ಗಳಿಗೆ ಬೇಕಾದ, ಮೊಣಕೈವರೆಗೆ ಬರುವ ದಪ್ಪ ಗವಸು. ಅತ್ತಿಗೆ ಮಿಕ್ಸಿಂಗ್ ರೂಮಿನ ಯಜಮಾನಿ. ಯಾವ ರಬ್ಬರ್ ಹಾಲಿಗೆ ಎಷ್ಟು ಗಂಧಕ ಬೀಳಬೇಕು, ಎಷ್ಟು ಹೊತ್ತು ಕಲಸಬೇಕು, ಯಾವ ಬಿಸಿಯಲ್ಲಿ ಬೇಯಿಸಬೇಕು ಎಂದು ಹೇಳುವವಳು. ನಾನು ಟೆಸ್ಟಿಂಗ್ ರೂಮಿನವಳು. ಅವಳು ಮಾಡಿದ ಗವಸಿಗೆ ಗಾಳಿ ತುಂಬಿ, ನೀರು ತುಂಬಿ, ಕರೆಂಟು ಹಾಯಿಸಿ, ಎಲ್ಲಾದರೂ ತೂತು ಬೀಳುತ್ತದೆಯೋ ಎಂದು ಹುಡುಕುವುದು ನನ್ನ ಕೆಲಸ. ಅತ್ತಿಗೆ ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೇ ನಾದಿನಿಗೆ ಸಂಬಳ, ಇಂಥ ನೌಕರಿ ಇನ್ನೆಲ್ಲಿ ಸಿಗುತ್ತೆ ಎಂದು ಅಣ್ಣ ನಗುತ್ತಾನೆ.

ಅಣ್ಣ ಲೈನ್‌ಮನ್. ಅತ್ತಿಗೆಯ ಹೆದರಿಕೆಗಳೆಲ್ಲ ಬೇರೆ ಬೇರೆ ದಾರಿಯಲ್ಲಿ ಹೊರಟರೂ ಕೊನೆಗೆ ಬಂದು ಸೇರುವುದು ಅಲ್ಲಿಗೇ.

ಮದುವೆಯಾದ ಹೊಸದರಲ್ಲಿ ಅಣ್ಣ ಹಾಕಿಕೊಳ್ಳುತ್ತಿದ್ದುದು ಪೂರ್ತಿ ಕೃತಕ ರಬ್ಬರಿನ ಗವಸು. ಬಿಸಿಲಿಗೂ ಜಗ್ಗುತ್ತಿರಲಿಲ್ಲ, ಎಣ್ಣೆಗೂ ಜಗ್ಗುತ್ತಿರಲಿಲ್ಲ, ಬೆರಳಿಗೂ ಜಗ್ಗುತ್ತಿರಲಿಲ್ಲ. ‘ಕೈಗೆ ಬೂಟ್ಸ್ ಹಾಕ್ಕೊಂಡು ನಟ್ಟು ಬಿಗಿ ಮಾಡಿದ ಹಾಗೆ ಇರತ್ತೆ’ ಎಂದು ಅವನು ಊಟಕ್ಕೆ ಕೂತಾಗ ಬೆರಳು ಮಡಿಸಿ ಬಿಡಿಸಿ ತೋರಿಸುತ್ತಿದ್ದ. ಮರದ ಹಾಲಿನಿಂದ ಮಾಡಿದ ರಬ್ಬರಾದರೋ ಮೆತ್ತಗೆ, ಕೈಗೆ ಕೈಯಾಗಿ ಬಾಗುತ್ತದೆ; ಆದರೆ ಬಿಸಿಲು ಬಿದ್ದರೆ, ಹೈ ಟೆನ್ಷನ್ ತಂತಿಯ ಸುತ್ತಲಿನ ಗಾಳಿ ತಾಗಿದರೆ ಸಣ್ಣಸಣ್ಣದಾಗಿ ಬಿರಿಯುತ್ತದೆ. ಅತ್ತಿಗೆ ಎರಡನ್ನೂ ಒಂದು ಮಾಡಲು ಹೊರಟಳು. ಒಳಗೆ ಮರದ ರಬ್ಬರ್, ಹೊರಗೆ ಕೃತಕ ರಬ್ಬರಿನ ತೆಳು ಪದರ. ಕೇಳಲು ಸುಲಭ. ಮಾಡಹೋದರೆ ಎರಡು ಪದರಗಳೂ ಒಂದನ್ನೊಂದು ಕಂಡರಾಗದ ವಾರಗಿತ್ತಿಯರ ಹಾಗೆ ಬೇರೆ ಬೇರೆ ನಿಂತವು. ಒಣಗಿಸಿದರೆ ಕಿತ್ತುಕೊಳ್ಳುವುದು, ಬೇಯಿಸಿದರೆ ಗುಳ್ಳೆ ಏಳುವುದು. ವರ್ಷಗಟ್ಟಲೆ ನಾನು ಅವಳ ಗವಸುಗಳನ್ನು ಹಾಳು ಮಾಡಿ ವಾಪಸು ಕಳಿಸಿದೆ, ಅವಳು ಮುಖ ಸಣ್ಣ ಮಾಡಿಕೊಂಡು ಮತ್ತೆ ಕಲಸಿದಳು. ಕೊನೆಗೆ ಎರಡೂ ಹಾಲನ್ನು ಬೆರೆಸಿ ನಡುವೆ ಇನ್ನೊಂದು ಪದರ ಅದ್ದಿದಳು. ಅದು ಆ ಕಡೆಯದನ್ನೂ ಹಿಡಿಯಿತು, ಈ ಕಡೆಯದನ್ನೂ ಹಿಡಿಯಿತು. ಆ ಗವಸನ್ನು ನಾನು ಎಷ್ಟು ಕಾಡಿದರೂ ಅದು ಸೋಲಲಿಲ್ಲ; ಈಗ ಅಣ್ಣ ಹಾಕಿಕೊಳ್ಳುವುದೂ ಅದನ್ನೇ. ಅವತ್ತು ಖುಷಿಯಿಂದ ಕುಣಿಯಬೇಕಾದವಳು ‘ಅಯ್ಯಯ್ಯೋ, ನಿನ್ನ ಮೆಷಿನ್ನೇ ಕೆಟ್ಟಿರಬೇಕು ನೋಡೇ’ ಎಂದಳು.

ಗವಸು ಹುಟ್ಟುವುದು ಪಿಂಗಾಣಿ ಕೈಗಳ ಮೇಲೆ. ಬೆಳ್ಳನೆಯ ಕೈಗಳು ಸಾಲಾಗಿ ಬೆರಳು ಕೆಳಗೆ ಮಾಡಿ ನೇತಾಡುತ್ತಿರುತ್ತವೆ. ಹಾಲಿನಲ್ಲಿ ಮುಳುಗಿ ಏಳುತ್ತವೆ, ಒಣಗುತ್ತವೆ, ಮತ್ತೆ ಮುಳುಗುತ್ತವೆ. ಆ ಕೈಗಳ ಮೇಲೆ ಒಂದಿಷ್ಟು ಜಿಡ್ಡು ಉಳಿದರೂ ಅಲ್ಲಿ ರಬ್ಬರ್ ಕೂರುವುದಿಲ್ಲ, ಕಣ್ಣಿಗೆ ಕಾಣದ ತೂತಾಗುತ್ತದೆ. ಅದಕ್ಕೇ ಅವನ್ನು ತೊಳೆಯುವ ಕೆಲಸವನ್ನು ಅತ್ತಿಗೆ ಯಾರಿಗೂ ಬಿಡುವುದಿಲ್ಲ. ಪ್ರತಿ ಬೆಳಿಗ್ಗೆ ಸ್ಟೂಲಿನ ಮೇಲೆ ಕೂತು, ಒಂದೊಂದೇ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನಿಂದ ಶುರುಮಾಡಿ, ಬೆರಳ ಸಂದಿಗಳಲ್ಲಿ ತನ್ನ ಬೆರಳು ಹಾಕಿ ತಿಕ್ಕುತ್ತಾಳೆ. ತೊಳೆಯುವಾಗ ಮಾತ್ರ ಮಾತಿಲ್ಲ. ಅವಳು ಬಾಯಿ ಮುಚ್ಚಿರುವುದನ್ನು ನೋಡಬೇಕೆಂದರೆ ಆ ಹೊತ್ತಿನಲ್ಲೇ ಹೋಗಬೇಕು.

ಇನ್ನು ಅಣ್ಣನ ಕೆಲಸದ್ದೊಂದು ಕಟ್ಟುನಿಟ್ಟು. ಮೇಲೆ ಕೈ ತಂತಿಯ ಮೇಲಿರುವಾಗ ಕೆಳಗಿನಿಂದ ಯಾರೂ ಕೂಗಬಾರದು. ಬೆಚ್ಚಿಬಿದ್ದು ಮೊಣಕೈ ಕಂಬದ ಅಡ್ಡ ಕಬ್ಬಿಣಕ್ಕೆ ತಾಗಿದರೆ ಕತೆ ಮುಗಿಯಿತು. ‘ನಿನ್ನನ್ನ ಮಾತ್ರ ನಮ್ಮ ಕೆಲಸದ ಹತ್ರ ಕರಕೊಂಡು ಹೋಗಲ್ಲಪ್ಪ,’ ಎಂದು ಅಣ್ಣ ಅತ್ತಿಗೆಯನ್ನು ರೇಗಿಸುತ್ತಿದ್ದ. ‘ಕರೆಂಟ್ ಹೊಡೆದು ಸಾಯಲ್ಲ ನಾನು, ನಿನ್ನ ಅಯ್ಯಯ್ಯೋ ಹೊಡೆದೇ ಸಾಯ್ತೀನಿ.’ ನಾವೆಲ್ಲ ನಗುತ್ತಿದ್ದೆವು. ಅವಳೂ ನಗುತ್ತಿದ್ದಳು, ನಕ್ಕು ಮುಗಿದ ಮೇಲೆ ಎದ್ದು ಹೋಗಿ ಅವನ ಗವಸಿನ ಚೀಲ ಬಿಚ್ಚಿ ಹೊರಗಿನಿಂದ ಒಮ್ಮೆ ತಡವಿ ನೋಡಿ ಬರುತ್ತಿದ್ದಳು.

ಈ ಬೇಸಿಗೆಗೆ ಮುಂಚೆ ಅಣ್ಣನಿಗೆ ಎಡಗೈ ಮಣಿಕಟ್ಟು ನೋವು ಶುರುವಾಯಿತು. ಅತ್ತಿಗೆಗೆ ಹೊಸ ಹೆದರಿಕೆ ಸಿಕ್ಕಿತು. ಮೇಲೆ ಕೈ ಸೋತು ಹಿಡಿತ ತಪ್ಪಿದರೆ? ಪಕ್ಕದ ಮನೆಯಾಕೆ ತಾಮ್ರದ ಕಡಗ ಹಾಕಿದರೆ ನೋವು ಎಳೆದುಹಾಕುತ್ತದೆ ಎಂದಳು. ರಬ್ಬರನ್ನು ಅರೆದು ಕುಡಿದ ಅತ್ತಿಗೆ ಆ ಮಾತನ್ನು ನಂಬಿದಳು. ಹೆದರಿದವರಿಗೆ ನಂಬುವುದಕ್ಕೆ ಎಷ್ಟು ಹೊತ್ತು ಬೇಕು? ಒಳ್ಳೆ ದಪ್ಪನೆಯ ಕಡಗ ತಂದು ಅವನ ಕೈಗೆ ತೊಡಿಸಿದಳು. ಅಣ್ಣ ಬೇಡ ಎನ್ನಲಿಲ್ಲ. ಅವಳಿಗೆ ಬೇಡ ಎಂದು ಹೇಳಿ ಆಮೇಲೆ ಸಮಾಧಾನ ಮಾಡುವುದಕ್ಕಿಂತ ತೊಟ್ಟುಕೊಳ್ಳುವುದೇ ಸುಲಭ.

ಒಂದು ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಣ್ಣನ ಫೋನ್ ಬಂತು. ಅತ್ತಿಗೆ ಸ್ಪೀಕರ್ ಹಾಕಿದಳು. ಕಣ್ಣಾಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ಕೆಲಸ, ಊಟ ಆಯ್ತು, ಇನ್ನು ಮೇಲೆ ಹೋಗುತ್ತೇನೆ ಎಂದ.

‘ಕೈ ನೋವು ಹೇಗಿದೆ? ಕಡಗ ಹಾಕ್ಕೊಂಡಿದೀರ ತಾನೆ?’

‘ಅಯ್ಯೋ, ಲೈನ್ ಮೇಲೆ ಕಡಗ ಹಾಕ್ಕೊಂಡು ಹೋದ್ರೆ ಮೇಸ್ತ್ರಿ ನನ್ನ ಚರ್ಮ ಸುಲೀತಾನೆ. ಮೈ ಮೇಲೆ ಒಂದು ಗುಂಡುಪಿನ್ನೂ ಇರಬಾರದು. ಮನೇಲಿ ಹಾಕ್ಕೋತೀನಲ್ಲ, ಸಾಕು.’

‘ಅಯ್ಯಯ್ಯೋ, ಮತ್ತೆ ಡ್ಯೂಟಿ ದಿನ ಎಲ್ಲಿಡ್ತೀರ? ಕಳೆದುಹೋದೀತು.’

‘ಕಳೆಯಲ್ಲ ಮಾರಾಯ್ತಿ. ಗ್ಲೌಸ್ ಬಿಚ್ಚಿಟ್ಟಾಗೆಲ್ಲ ಚೀಲದಲ್ಲಿ ಅದರ ಒಳಗೇ ಹಾಕಿಟ್ಟಿರ್ತೀನಿ, ಎಡಗೈದರಲ್ಲಿ. ರಾತ್ರಿ ಎಷ್ಟೋ ಸಲ ಚೀಲಾನೇ ಕೆಲಸದ ಗಾಡಿಯಲ್ಲಿ ಮರೆತುಬಿಡ್ತೀನಿ, ಬೈಬೇಡ. ಭದ್ರವಾಗಿರತ್ತೆ. ಫೋನ್ ಇಡ್ಲಾ?’

ಅತ್ತಿಗೆ ಫೋನಿಟ್ಟು ಡಬ್ಬಿ ಮುಚ್ಚಿದಳು. ‘ಮರೆಗುಳಿ. ಭದ್ರವಾಗಿದೆಯಂತೆ, ಸದ್ಯ’ ಎಂದಳು. ನಾನೂ ನಕ್ಕೆ. ಇಬ್ಬರೂ ಕೈ ತೊಳೆದು ನಮ್ಮ ನಮ್ಮ ಕೆಲಸಕ್ಕೆ ಎದ್ದೆವು. ಕಾರ್ಖಾನೆಯ ಬಾಗಿಲಲ್ಲಿ ತಾಮ್ರ ಹಿತ್ತಾಳೆಯ ಸಾಮಾನೆಲ್ಲ ಬಿಚ್ಚಿಡಲು ಒಂದು ತಟ್ಟೆ ಇಟ್ಟಿದೆ. ಬೀಗದ ಕೈ, ಬಳೆ, ಸೊಂಟದ ಬಕ್ಕಲ್, ಎಲ್ಲವೂ ಅದಕ್ಕೆ. ನಾವಿಬ್ಬರೂ ದಿನಾ ಅದನ್ನು ದಾಟಿಯೇ ಒಳಗೆ ಹೋಗುವವರು. ಮನೆಯ ಮಾತು ಆ ತಟ್ಟೆಯ ಹೊರಗೇ ಉಳಿದುಬಿಡುತ್ತದೆ ಎಂದು ಕಾಣುತ್ತದೆ.

ಸ್ವಲ್ಪ ಹೊತ್ತಿನ ಮೇಲೆ ಮಿಕ್ಸಿಂಗ್ ರೂಮಿಗೆ ಹೊಸದಾಗಿ ಸೇರಿದ ಹೆಂಗಸಿಗೆ ಅತ್ತಿಗೆ ಕೆಲಸ ಹೇಳಿಕೊಡುತ್ತಿದ್ದಳು. ನಾನು ತಿರಸ್ಕೃತ ಗವಸುಗಳ ಬುಟ್ಟಿ ವಾಪಸು ಕೊಡಲು ಹೋಗಿದ್ದೆ. ಹೊಸಬರು ಬಂದಾಗಲೆಲ್ಲ ಅತ್ತಿಗೆ ಒಂದು ಡಬ್ಬಿ ತೆಗೆಯುತ್ತಾಳೆ. ಹೆದರಿಸೋ ಡಬ್ಬಿ ಎಂದು ನಾನು ಅದಕ್ಕೂ ಹೆಸರಿಟ್ಟಿದ್ದೇನೆ. ಒಳಗೆ ಒಂದು ತುಂಡು ರಬ್ಬರ್, ಅದರ ಮೇಲೆ ಹಳೆಯ ತಾಮ್ರದ ಬಿಲ್ಲೆ.

‘ರಬ್ಬರ್ ಅಂದ್ರೆ ಉದ್ದುದ್ದ ಸರಪಳಿ ಅಂತ ತಿಳ್ಕೊಳ್ಳಿ,’ ಎಂದು ಅತ್ತಿಗೆ ಆಕೆಗೆ ಹೇಳುತ್ತಿದ್ದಳು. ‘ಗಂಧಕ ಹಾಕಿ ಬೇಯಿಸಿದ್ರೆ ಆ ಸರಪಳಿಗಳು ಒಂದಕ್ಕೊಂದು ಗಂಟು ಹಾಕ್ಕೊಳ್ಳತ್ತೆ. ಎಳೆದ್ರೆ ಹೋಗಿ ವಾಪಸ್ ಬರತ್ತೆ. ಇದಕ್ಕೆ ತಾಮ್ರ ಅಂದ್ರೆ ವಿಷ. ಎಲ್ಲಿ ಬೆವರು, ಸೆಕೆ ಇರತ್ತೋ ಅಲ್ಲಿ ತಾಮ್ರ ಹಸಿರಾಗಿ ಬಿಟ್ಕೊಂಡು ರಬ್ಬರ್ ಒಳಗೆ ಇಳಿಯತ್ತೆ. ಸರಪಳೀನ ತುಂಡು ತುಂಡು ಮಾಡತ್ತೆ. ಮರದ ರಬ್ಬರಿಗೆ ಹೆಚ್ಚು. ಕೃತಕ ರಬ್ಬರ್ ತಡ್ಕೊಳ್ಳತ್ತೆ, ಇದು ತಡ್ಕೊಳ್ಳಲ್ಲ. ನೋಡಿ ಬೇಕಾದ್ರೆ, ಮುಟ್ಟಿ.’

ಆಕೆ ಬಿಲ್ಲೆಯನ್ನು ಎತ್ತಿದಳು. ಅದರಡಿಯ ರಬ್ಬರ್ ಹಸಿರು ಮೆತ್ತಿದ ಅಂಟಾಗಿ ಅವಳ ಬೆರಳಿಗೆ ಹತ್ತಿಕೊಂಡು ಬಂತು. ‘ಅಯ್ಯಪ್ಪ, ಇಷ್ಟಾಗತ್ತಾ?’ ಎಂದಳು.

‘ಇಷ್ಟಾಗತ್ತೆ. ಒಳಗಿಂದ...’ ಎಂದ ಅತ್ತಿಗೆ ಅಲ್ಲಿಗೇ ನಿಂತಳು.

ಅವಳ ಬೆರಳು ಆ ಹಸಿರು ಕಲೆಯ ಮೇಲಿತ್ತು. ನನ್ನನ್ನು ನೋಡಿದಳು. ನನಗೂ ಊಟದ ಹೊತ್ತಿನ ಫೋನು ನೆನಪಾಯಿತು. ಎಡಗೈದರಲ್ಲಿ. ಎಷ್ಟೋ ಸಲ ಚೀಲಾನೇ ಮರೆತುಬಿಡ್ತೀನಿ. ಬೇಸಿಗೆಯ ಕಾವಿನಲ್ಲಿ, ಕಾದ ಗಾಡಿಯೊಳಗೆ, ಬೆವರಿನಿಂದ ಒದ್ದೆಯಾದ ಗವಸಿನ ಅಂಗೈಯಲ್ಲಿ, ದಿನವೂ.

‘ಬೆಳಿಗ್ಗೆ ಗಾಳಿ ಹಿಡಿದು ನೋಡ್ತಾನೆ ಅತ್ತಿಗೆ,’ ಎಂದೆ. ಹಾಕಿಕೊಳ್ಳುವ ಮುಂಚೆ ಗವಸಿನ ಬಾಯಿ ಸುರುಳಿ ಸುತ್ತಿ ಒಳಗೆ ಗಾಳಿ ನಿಲ್ಲಿಸಿ ನೋಡುವುದು ಅವರ ದಿನದ ರೂಢಿ. ‘ತೂತಿದ್ರೆ ಅವನಿಗೆ ಗೊತ್ತಾಗ್ದೆ ಇರತ್ತಾ?’

‘ಗಾಳಿ ನಿಲ್ಲತ್ತೆ ಕಣೇ,’ ಎಂದಳು. ‘ಹೊರಗಿನ ಪದರ ನಿಲ್ಲಿಸತ್ತೆ. ನಾನೇ ಮಾಡಿದ ಪದರ. ಒಳಗೆ ಪೂರ್ತಿ ಕೊಳೆತಿದ್ರೂ ಹೊರಗಿಂದ ಹೊಸದರ ಹಾಗೇ ಕಾಣತ್ತೆ. ಚೀಲ ಮನೆಗೆ ಬಂದಾಗೆಲ್ಲ ಹೊರಗಿಂದ ಮುಟ್ಟಿ ನೋಡ್ತಿದ್ದೆನಲ್ಲೇ.’

ಅಣ್ಣನ ಫೋನ್ ಬಾರಿಸಿದೆ. ಬಾರಿಸಿಕೊಂಡೇ ಇತ್ತು. ಮೇಲೆ ಹೋಗುವಾಗ ಫೋನನ್ನು ಗಾಡಿಯಲ್ಲಿ ಬಿಟ್ಟು ಹೋಗಬೇಕು, ಅದೂ ಅವರ ನಿಯಮ. ಅವರ ಆಫೀಸಿಗೆ ಮಾಡಿದರೆ ಯಾರೋ ಎತ್ತಿ, ಮೇಸ್ತ್ರಿಗೆ ಹೇಳಿಸ್ತೀವಿ ಇರಿ ಎಂದು ಇಟ್ಟುಬಿಟ್ಟರು. ಹೇಳಿಸಿದರೋ ಇಲ್ಲವೋ ದೇವರಿಗೇ ಗೊತ್ತು. ನಾವಿಬ್ಬರೂ ಏಪ್ರನ್ನಿನಲ್ಲೇ ಹೊರಗೆ ಓಡಿ ಮಾಲು ಸಾಗಿಸುವ ವ್ಯಾನು ಹತ್ತಿದೆವು. ಅದರ ಡ್ರೈವರಿಗೆ ನಿಧಾನಪ್ಪ ಎಂದು ಹೆಸರು, ಅದೂ ನಾನಿಟ್ಟದ್ದೇ. ಅವತ್ತು ಮನುಷ್ಯ ಏನು ಎತ್ತ ಎಂದು ಕೇಳಲಿಲ್ಲ. ನಮ್ಮಿಬ್ಬರ ಮುಖ ನೋಡಿ ಗೇರ್ ಹಾಕಿದ.

ದಾರಿಯುದ್ದಕ್ಕೂ ಅತ್ತಿಗೆ ‘ಅಯ್ಯಯ್ಯೋ’ ಎನ್ನುತ್ತಲೇ ಇದ್ದಳು. ಸಿಗ್ನಲ್ ಕೆಂಪಾದರೆ ಅಯ್ಯಯ್ಯೋ, ಮುಂದೆ ಲಾರಿ ನಿಂತರೆ ಅಯ್ಯಯ್ಯೋ. ಬೇರೆ ದಿನವಾಗಿದ್ದರೆ ಸುಮ್ನಿರೇ ಎಂದು ಗದರುತ್ತಿದ್ದೆ. ಆವತ್ತು ಅವಳು ಬಾಯಿ ಮುಚ್ಚಿದರೆ ನಾನು ಶುರುಮಾಡುವ ಹಾಗಿತ್ತು. ನನ್ನ ಟೆಸ್ಟಿಂಗ್ ರೂಮಿನಲ್ಲಿ ಸೋತ ಗವಸು ಹೇಗೆ ಸೋಲುತ್ತದೆ ಎಂದು ನಾನು ದಿನವೂ ನೋಡುವವಳು. ಚಟ್ ಎಂದು ಒಂದು ಸದ್ದು, ನೀಲಿ ಮಿಂಚು, ಗವಸಿನಲ್ಲಿ ಗುಂಡುಪಿನ್ನಿನ ತಲೆಯಷ್ಟು ಕಪ್ಪು ಚುಕ್ಕೆ. ಅಲ್ಲಿ ಗವಸಿನ ಒಳಗೆ ನೀರಿರುತ್ತದೆ. ಇಲ್ಲಿ ಅಣ್ಣನ ಕೈ ಇತ್ತು.

ಕಣ್ಣಾಸ್ಪತ್ರೆಯ ಗೋಡೆ ಸುತ್ತಿ ಹಿಂದಿನ ರಸ್ತೆಗೆ ಬಂದಾಗ ಲೈನ್‌ಮನ್‌ಗಳನ್ನು ತಂತಿಯವರೆಗೆ ಎತ್ತುವ ಗಾಡಿಯ ಉದ್ದನೆಯ ತೋಳು ಮೇಲೆ ಚಾಚಿತ್ತು. ತುದಿಯ ಬುಟ್ಟಿಯಲ್ಲಿ ಅಣ್ಣ, ಬೆನ್ನು ನಮ್ಮ ಕಡೆಗೆ. ವ್ಯಾನು ಪೂರ್ತಿ ನಿಲ್ಲುವ ಮೊದಲೇ ಅತ್ತಿಗೆ ಧುಮುಕಿದಳು. ಬಾಯಿ ತೆರೆದಿತ್ತು, ಕೊರಳ ನರ ಉಬ್ಬಿತ್ತು. ಕೂಗುತ್ತಾಳೆ, ಮುಗಿಯಿತು, ಕೂಗಿಬಿಡುತ್ತಾಳೆ ಎಂದು ಅವಳ ಹಿಂದೆ ಹಾರಿದೆ.

ಅವಳು ಕೂಗಲಿಲ್ಲ. ಎರಡೂ ಅಂಗೈಗಳನ್ನು ಒಂದರ ಮೇಲೊಂದು ಬಾಯಿಗೆ ಒತ್ತಿ ಹಿಡಿದುಕೊಂಡು ನಿಂತಳು.

ಅಣ್ಣನ ಎರಡೂ ಕೈ ತಂತಿಯ ಮೇಲಿದ್ದವು. ರಬ್ಬರಿನ ಮೇಲೆ ಹಾಕುವ ಚರ್ಮದ ಗವಸು ಮಾತ್ರ ಕಾಣುತ್ತಿತ್ತು. ಎಡಗೈಯಲ್ಲಿ ತಂತಿಯನ್ನು ಅಂಗೈ ತುಂಬ ಬಿಗಿದು ಹಿಡಿದು, ಬಲಗೈಯಲ್ಲಿ ನಟ್ಟು ತಿರುಗಿಸುತ್ತಿದ್ದ. ಒಂದೊಂದು ಸುತ್ತಿಗೂ ಅವನ ಎಡ ಮೊಣಕೈ ಹಿಂದಕ್ಕೆ ಬಂದು ಅಡ್ಡ ಕಬ್ಬಿಣದ ಹತ್ತಿರ ಹೋಗುತ್ತಿತ್ತು.

ನಾನು ಮೇಸ್ತ್ರಿಯ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದೆ. ಆತನ ಮುಖದ ಬಣ್ಣ ಇಳಿಯಿತು. ‘ಆಫೀಸಿಂದ ಯಾರೂ ಏನೂ ಹೇಳಿಲ್ಲಮ್ಮ,’ ಎಂದು ಪಿಸುಗುಟ್ಟಿದ. ‘ಈಗ ಕರೆಯೋ ಹಾಗಿಲ್ಲ. ಕರೆದ್ರೆ ತಿರುಗ್ತಾನೆ. ತಿರುಗಿದ್ರೆ ತಾಗತ್ತೆ. ಆ ನಟ್ಟು ಮುಗಿಸಿ ಅವನೇ ಕೈ ತೆಗೀಬೇಕು.’ ಫೋನ್ ತೆಗೆದು ಲೈನ್ ಆಫ್ ಮಾಡಿಸಲು ಸಬ್ ಸ್ಟೇಷನ್ನಿಗೆ ಮಾಡತೊಡಗಿದ.

ನಾವು ನೋಡುತ್ತಾ ನಿಂತೆವು. ಮಾಡುವುದಕ್ಕೆ ಬೇರೇನೂ ಇರಲಿಲ್ಲ. ನಾನು ಹುಟ್ಟಿದಾಗಿನಿಂದ ಅಷ್ಟು ಹೆದರಿದ್ದು ಅವತ್ತೇ. ಮೇಲಿನಿಂದ ಅಣ್ಣ ಏನೋ ಹಾಡು ಗುನುಗುವುದು ಕೇಳಿಸುತ್ತಿತ್ತು. ಅವನಿಗೇನು ಗೊತ್ತು. ಒಂದು ಸಲ ಸ್ಪ್ಯಾನರ್ ಜಾರಿ ಟಣ್ ಎಂದಿತು. ಅತ್ತಿಗೆಯ ಇಡೀ ದೇಹ ಮುಂದಕ್ಕೆ ಹಾರಿತು. ಕೈ ಮಾತ್ರ ಬಾಯಿಂದ ಕದಲಲಿಲ್ಲ. ಕಣ್ಣೀರು ಆ ಕೈಗಳ ಮೇಲೆ ಹರಿದು ಮೊಣಕೈವರೆಗೆ ಇಳಿಯುತ್ತಿತ್ತು. ಲೋಟ ಬಿದ್ದರೆ ಬೀದಿಗೆ ಕೇಳುವ ಹಾಗೆ ಕೂಗುವವಳಿಂದ ಒಂದು ಉಸಿರಿನ ಸದ್ದೂ ಬರಲಿಲ್ಲ.

ಅಣ್ಣ ನಟ್ಟಿಗೆ ಕೊನೆಯ ಸುತ್ತು ಕೊಟ್ಟ. ಬಲಗೈ ತೆಗೆದ. ಎಡಗೈಯಲ್ಲಿ ತಂತಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿದ, ಬಿಗಿಯಾಗಿದೆಯೋ ಎಂದು. ಆಮೇಲೆ ಅದನ್ನೂ ತೆಗೆದು ಬುಟ್ಟಿಯೊಳಕ್ಕೆ ಇಳಿದುಕೊಂಡ.

‘ಇಳಿಸ್ರೋ! ಇಳಿಸ್ರೋ ಅವನ್ನ!’ ಎಂದು ಮೇಸ್ತ್ರಿ ಕಿರುಚಿದ.

ಬುಟ್ಟಿ ನೆಲ ಮುಟ್ಟಿತು. ‘ಅರೆ, ನೀವಿಬ್ರೂ ಇಲ್ಲೇನು ಮಾಡ್ತಿದೀರಿ?’ ಎಂದು ಅಣ್ಣ ನಗುತ್ತಾ ಹೊರಬಂದ. ಅತ್ತಿಗೆ ಅವನ ಎಡಗೈಯ ಚರ್ಮದ ಗವಸನ್ನು ಎಳೆದಳು, ಒಳಗಿನ ರಬ್ಬರ್ ಗವಸನ್ನು ಎಳೆದಳು. ಹೊರಗಿನಿಂದ ಅದು ಹೊಚ್ಚ ಹೊಸದರ ಹಾಗಿತ್ತು. ಅಂಗೈಯ ಜಾಗವನ್ನು ಎರಡು ಬೆರಳಲ್ಲಿ ಹಿಡಿದು ಸ್ವಲ್ಪವೇ ಜಗ್ಗಿದಳು. ಒದ್ದೆ ಕಾಗದ ಹರಿದಂತೆ ಹರಿಯಿತು. ಕಡಗದಷ್ಟಗಲದ ಸುತ್ತಿನಲ್ಲಿ ಒಳಗೆಲ್ಲ ಹಸಿರುಗಪ್ಪು ಅಂಟು, ಅದರ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಹೊರ ಪದರ. ಅಲ್ಲಿಯವರೆಗೆ ಅಣ್ಣನಿಗೂ ಸಾವಿಗೂ ನಡುವೆ ಇದ್ದದ್ದು ಅಷ್ಟೇ.

ಅಣ್ಣನ ನಗು ನಿಂತಿತು. ಗವಸು ನೋಡಿದ, ಮೇಲೆ ತಂತಿ ನೋಡಿದ, ಆಮೇಲೆ ತನ್ನ ಕೈ ನೋಡಿಕೊಂಡ. ಅಂಗೈ ತುಂಬ ಆ ಹಸಿರು ಅಂಟು ಮೆತ್ತಿಕೊಂಡಿತ್ತು. ‘ಬೆವರು ಅಂದ್ಕೊಂಡಿದ್ದೆ,’ ಎಂದ. ‘ಎರಡು ದಿನದಿಂದ ಅಂಟಂಟು ಅನ್ನಿಸ್ತಿತ್ತು. ಬೆವರು ಅಂದ್ಕೊಂಡೆ.’ ಹಾಗೆಂದವನು ಗಾಡಿಯ ಚಕ್ರಕ್ಕೆ ಒರಗಿ ರಸ್ತೆಯ ಮೇಲೇ ಕುಸಿದು ಕೂತ.

ಅತ್ತಿಗೆ ಗಾಡಿಯಿಂದ ನೀರಿನ ಕ್ಯಾನ್ ಎಳೆದು ನನ್ನ ಕೈಗೆ ಕೊಟ್ಟಳು. ಅವನೆದುರು ಮಂಡಿಯೂರಿ ಕೂತು ಅವನ ಎಡಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ನಾನು ನೀರು ಹುಯ್ದೆ. ಅವಳು ಹೆಬ್ಬೆರಳಿನಿಂದ ಶುರುಮಾಡಿದಳು.

‘ನಾನು ಅವತ್ತೇ ಹೇಳಬೇಕಿತ್ತು, ಕಡಗ ಬೇಡ ಅಂತ,’ ಎಂದ ಅಣ್ಣ. ಅವಳು ತಲೆಯೆತ್ತಲಿಲ್ಲ. ‘ಏನಾದ್ರೂ ಮಾತಾಡೇ. ಬೈಯಾದ್ರೂ ಬೈಯಿ.’ ‘ಹೋಗ್ಲಿ, ಒಂದ್ಸಲ ಅಯ್ಯಯ್ಯೋ ಅಂತಾದ್ರೂ ಅನ್ನೇ.’

ಅವಳು ಅನ್ನಲಿಲ್ಲ. ತೋರುಬೆರಳು ಮುಗಿಸಿ, ಬೆರಳ ಸಂದಿಗೆ ತನ್ನ ಬೆರಳು ಹಾಕಿ ತಿಕ್ಕಿ, ನಡುಬೆರಳನ್ನು ಹಿಡಿದುಕೊಂಡಳು. ನಾನು ನೀರು ಹುಯ್ಯುತ್ತಾ ಹೋದೆ.